ಅಮ್ಮನಿಗೆ ಟಿಎನ್‌ಎಫ್ ತಡೆಯುವ ಇಂಜೆಕ್ಷನ್: ಹಾಕಿಸಿಕೊಂಡವರ ಅನುಭವ ಹೇಳಿ

ಪ್ರಶ್ನೆ: ಅಮ್ಮನಿಗೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ರಕ್ಷಣಾ ಕಣಗಳೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ. ಮೆಥೊಟ್ರೆಕ್ಸೇಟ್ ಮಾತ್ರೆ ತಿಂಗಳುಗಟ್ಟಲೆ ತಗೊಂಡರೂ ಬೆರಳುಗಳ ಊತ ಇಳಿದಿಲ್ಲ. ಈಗ ಡಾಕ್ಟರು ಊತ ತರುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುವ ಅಡಾಲಿಮುಮ್ಯಾಬ್ ಇಂಜೆಕ್ಷನ್ ಶುರು ಮಾಡೋಣ ಅಂದಿದ್ದಾರೆ. ರೋಗನಿರೋಧಕ ಶಕ್ತಿಯೇ ಹೋಗುತ್ತದೆ ಅಂತ ನೆಂಟರು ಹೆದರಿಸುತ್ತಿದ್ದಾರೆ. ಏನು ಮಾಡಲಿ?

ಉತ್ತರ 1: ನನ್ನ ಹೆಂಡತಿಗೂ ಇದೇ ಕಾಯಿಲೆ, ಇದೇ ಇಂಜೆಕ್ಷನ್. ಎರಡು ವಾರಕ್ಕೊಮ್ಮೆ ಚರ್ಮದಡಿ ಕೊಡುತ್ತಾರೆ. ಬೆಳಗ್ಗೆ ಚಪಾತಿ ಹಿಟ್ಟು ಕಲಸಲೂ ಆಗದಷ್ಟು ಕೈ ಬಿಗಿಯುತ್ತಿತ್ತು, ಈಗ ಆ ಬಿಗಿತ ತುಂಬಾ ಕಡಿಮೆ.

ಎಲ್ಲ ಶಕ್ತಿಯೂ ಹೋಗುವುದಿಲ್ಲ. ನಮ್ಮ ರಕ್ಷಣಾ ಕಣಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಸೈಟೊಕೈನ್ ಎಂಬ ಪ್ರೋಟೀನುಗಳನ್ನು ಬಿಡುತ್ತವೆ. ಈ ಕಾಯಿಲೆಯಲ್ಲಿ ಕೀಲಿನ ಒಳಪೊರೆಯಲ್ಲಿ ಅವು ಜಾಸ್ತಿಯಾಗುತ್ತವೆ. ಟಿಎನ್‌ಎಫ್ ಅವುಗಳಲ್ಲಿ ಒಂದು. ಊತ ತರುವುದು, ಮೂಳೆ ಸವೆಸುವ ಕಣಗಳನ್ನು ಎಬ್ಬಿಸುವುದು, ಎರಡರಲ್ಲೂ ಅದರ ಕೈವಾಡ ಇದೆ. ಲಂಡನ್ನಿನಲ್ಲಿ ರವೀಂದರ್ ಮೈನಿ, ಮಾರ್ಕ್ ಫೆಲ್ಡ್‌ಮನ್ ಎಂಬ ಸಂಶೋಧಕರು 1992ರಲ್ಲಿ ಇದೊಂದನ್ನೇ ತಡೆದು ನೋಡಿದರು, ರೋಗಿಗಳ ನೋವು, ಊತ ಇಳಿಯಿತು. ಇಂದಿನ ಇಂಜೆಕ್ಷನ್‌ಗಳಿಗೆ ದಾರಿಯಾದದ್ದು ಅದೇ.

ಆದರೆ ಕ್ಷಯದ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ನಮ್ಮ ದೇಶದಲ್ಲಿ ಎಷ್ಟೋ ಜನರ ಮೈಯಲ್ಲಿ ಟಿಬಿ ರೋಗಾಣು ಸುಮ್ನೆ ಮಲಗಿರುತ್ತದೆ. ರಕ್ಷಣಾ ಕಣಗಳು ಅದರ ಸುತ್ತ ಕೋಟೆ ಕಟ್ಟಿ ಕೂತಿರುತ್ತವೆ, ಆ ಕೋಟೆ ಗಟ್ಟಿಯಾಗಿರಲು ಟಿಎನ್‌ಎಫ್ ಬೇಕು. ಅದನ್ನು ತಡೆದರೆ ಟಿಬಿ ಎದ್ದು ಬರಬಹುದು. ಅದಕ್ಕೇ ಮೊದಲು ಎದೆಯ ಎಕ್ಸ್‌ರೇ, ಮಲಗಿರುವ ಟಿಬಿ ಹುಡುಕುವ ಮಾಂಟು (ಚರ್ಮದ ಪರೀಕ್ಷೆ) ಅಥವಾ ಇಗ್ರಾ (ರಕ್ತ ಪರೀಕ್ಷೆ) ಮಾಡಿಸಿ. ಹೆಪಟೈಟಿಸ್ ಬಿ ಪರೀಕ್ಷೆಯೂ ಆಗಲಿ. ನಂತರವೂ ಬಿಡದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು ಕಂಡರೆ ತಡಮಾಡದೆ ಡಾಕ್ಟರಿಗೆ ಹೇಳಿ.

ಖರ್ಚು ಕೇಳಿ ಗಾಬರಿಯಾಗಬೇಡಿ. 2014ರಿಂದ ನಮ್ಮಲ್ಲೇ ತಯಾರಾದ ಅಡಾಲಿಮುಮ್ಯಾಬ್ ಸಿಗುತ್ತಿದೆ, ಅದರ ಬಗ್ಗೆಯೂ ವಿಚಾರಿಸಿ.

ಉತ್ತರ 2: ಮೇಲಿನವರು ಹೇಳಿದ್ದು ಸರಿ. ನನಗೆ ಟಿಎನ್‌ಎಫ್ ತಡೆದರೂ ಗುಣ ಕಾಣಲಿಲ್ಲ. ಐಎಲ್-6 ಎಂಬ ಇನ್ನೊಂದು ಸೈಟೊಕೈನ್ ದಾರಿಯನ್ನು ತಡೆಯುವ ಟೊಸಿಲಿಜುಮ್ಯಾಬ್ ಹಿಡಿಯಿತು. ಹಾಗಾಗಿ ಮೊದಲನೆಯದು ಕೆಲಸ ಮಾಡದಿದ್ದರೆ ಕೈಚೆಲ್ಲಬೇಡಿ. ಒಂದು ವಿಷಯ: ಮೈಯಲ್ಲಿ ಊತ, ಸೋಂಕು ಇದೆಯೇ ಅಂತ ರಕ್ತದಲ್ಲಿ ನೋಡುವ ಸಿಆರ್‌ಪಿ ಎಂಬ ಪ್ರೋಟೀನನ್ನು ಲಿವರ್ ತಯಾರಿಸುವುದು ಮುಖ್ಯವಾಗಿ ಐಎಲ್-6 ಹೇಳಿದ ಮೇಲೆ. ಈ ಔಷಧದಲ್ಲಿರುವವರಿಗೆ ಸೋಂಕಿದ್ದರೂ ಸಿಆರ್‌ಪಿ ಕಡಿಮೆಯೇ ತೋರಿಸಬಹುದು. ಬೇರೆ ಡಾಕ್ಟರ ಹತ್ತಿರ ಹೋದಾಗ ಔಷಧದ ಹೆಸರು ಮೊದಲೇ ಹೇಳಿಬಿಡಿ.