‘ಬಹುಮತ ಕಳೆದುಕೊಂಡರು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಅಮೆರಿಕದ 2010ರ ಆರೋಗ್ಯ ಕಾಯ್ದೆ, ಅಂದರೆ ಒಬಾಮಕೇರ್ ಬಗ್ಗೆ, ಪಿಯುಸಿ ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಈ ವಾಕ್ಯದ ಹತ್ತಿರ ನಿಂತುಬಿಟ್ಟಿದ್ದೇನೆ: ‘ಒಬಾಮರ ಡೆಮಾಕ್ರಟಿಕ್ ಪಕ್ಷದ ಸೆನೆಟರ್ ಟೆಡ್ ಕೆನಡಿ ತೀರಿಕೊಂಡ ಮೇಲೆ, 2010ರ ಜನವರಿ 19ರ ಉಪಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಸ್ಕಾಟ್ ಬ್ರೌನ್ ಗೆದ್ದರು. ಡೆಮಾಕ್ರಟರು ಸೆನೆಟ್‌ನಲ್ಲಿ ಬಹುಮತ ಕಳೆದುಕೊಂಡರು.’

ನಿನ್ನೆ ಬಸವನಗುಡಿಯ ಮನೆಯಲ್ಲಿ ಅಮ್ಮನಿಗೆ ಓದಿ ಹೇಳಿದೆ. ಅವರೆಕಾಯಿ ಸುಲಿಯುತ್ತಿದ್ದವರು ಕೈ ನಿಲ್ಲಿಸಿ, “ಹಾಗಾದ್ರೆ ಒಬಾಮ ಸರ್ಕಾರ ಬಿದ್ದೋಯ್ತಾ?” ಅಂದರು.

ಅಮ್ಮ ಕೇಳಿದ್ದು ಸರಿಯಾಗೇ ಇದೆ. ನಮ್ಮ ಕಿವಿಗೆ ಬಹುಮತ ಹೋಯಿತು ಅಂದರೆ ಸರ್ಕಾರವೇ ಹೋಯಿತು ಅಂತ. 2019ರ ಜುಲೈನಲ್ಲಿ ವಿಶ್ವಾಸಮತದಲ್ಲಿ 99–105 ಆಗಿ ಕುಮಾರಸ್ವಾಮಿ ಸರ್ಕಾರ ಬಿದ್ದದ್ದನ್ನು ಇಡೀ ಬೆಂಗಳೂರು ಟಿವಿ ಮುಂದೆ ಕೂತು ನೋಡಿದೆ, ಅಲ್ವಾ? ಅಮೆರಿಕದಲ್ಲಿ ಆದದ್ದು ಬೇರೆ. ಅಲ್ಲಿನ ಮೇಲ್ಮನೆಯಾದ 100 ಜನರ ಸೆನೆಟ್‌ನಲ್ಲಿ ಡೆಮಾಕ್ರಟರ ಕಡೆ 60 ಇದ್ದದ್ದು 59 ಆಯಿತು. ಬಹುಮತ ಇದ್ದೇ ಇತ್ತು. ಆದರೆ ಚರ್ಚೆ ಸಾಕು, ಮತಕ್ಕೆ ಹಾಕೋಣ ಅನ್ನಲೇ ಅಲ್ಲಿ 60 ಮತ ಬೇಕು. ಅಷ್ಟಿಲ್ಲದಿದ್ದರೆ ವಿರೋಧಿಗಳು ಮಸೂದೆಯನ್ನು ಹಾಗೇ ನೇತಾಡಿಸಿ ಇಡಬಹುದು. ಅದೇ ಫಿಲಿಬಸ್ಟರ್.

ಈ 60ಕ್ಕೆ ಕನ್ನಡದಲ್ಲಿ ಏನನ್ನೋಣ? ‘ವಿಶೇಷ ಬಹುಮತ’ ಅಂದರೆ ಮಕ್ಕಳು ಸಂವಿಧಾನ ತಿದ್ದುಪಡಿಯ ಮೂರನೇ ಎರಡರಷ್ಟು ಅಂದುಕೊಳ್ಳುತ್ತಾರೆ. ‘ನಿಚ್ಚಳ ಬಹುಮತ’ ಪತ್ರಿಕೆಗಳ ಒಳ್ಳೆಯ ಮಾತು, ಆದರೆ 59 ಕೂಡ ನಿಚ್ಚಳವೇ. ‘ತಡೆ ಮುರಿಯುವ ಬಲ’ ಅಂತ ಬರೆದು ನೋಡಿದೆ. ನನಗೆ ಇಷ್ಟವಾಯಿತು. ‘ಅಡ್ಡಿ’ಗಿಂತ ‘ತಡೆ’ ವಾಸಿ, ಯಾಕಂದರೆ ಮಸೂದೆ ಸಾಯುವುದಿಲ್ಲ, ನಿಲ್ಲುತ್ತದೆ.

ಎರಡನೆಯ ಪದ, ‘ರಿಕನ್ಸಿಲಿಯೇಷನ್’, ಇನ್ನೂ ಕಷ್ಟ. ಸೆನೆಟ್ ಡಿಸೆಂಬರ್ 24ರಂದೇ, ಕೈಯಲ್ಲಿ 60 ಇದ್ದಾಗ, ತನ್ನ ಮಸೂದೆ ಪಾಸು ಮಾಡಿತ್ತು. ಮತ್ತೆ ಸೆನೆಟ್‌ಗೆ ಹೋಗುವ ಹಾಗಿರಬಾರದು ಅಂತ ಕೆಳಮನೆ ಅದನ್ನೇ ಒಂದಕ್ಷರ ಬದಲಿಸದೆ ಮಾರ್ಚ್ 21ರಂದು 219–212ರಲ್ಲಿ ಒಪ್ಪಿತು. ಬೇಕಾದ ತಿದ್ದುಪಡಿಗಳನ್ನು ಬೇರೆ ಮಸೂದೆಯಾಗಿ, ‘ರಿಕನ್ಸಿಲಿಯೇಷನ್’ ಅನ್ನುವ ಬಜೆಟ್ ನಿಯಮದಡಿ ತಂದರು. ಅದಕ್ಕೆ ಸರಳ ಬಹುಮತ ಸಾಕು. ಸೆನೆಟ್‌ನಲ್ಲಿ 56–43.

ನಿಘಂಟು ‘ರಾಜಿ’, ‘ಹೊಂದಾಣಿಕೆ’ ಅನ್ನುತ್ತದೆ. ‘ರಾಜಿ ಮಸೂದೆ’ ಅಂದರೆ ಎರಡು ಪಕ್ಷಗಳೂ ಒಂದಾದವು ಅನ್ನಿಸುತ್ತದೆ. ನಿಜಕ್ಕೂ ಒಬ್ಬ ರಿಪಬ್ಲಿಕನ್ನರೂ ಅದರ ಪರ ಮತ ಹಾಕಲಿಲ್ಲ. ‘ಹೊಂದಾಣಿಕೆ’ಯಂತೂ ಬೇಡವೇ ಬೇಡ. ನಮ್ಮಲ್ಲಿ ಹೊಂದಾಣಿಕೆ ರಾಜಕಾರಣ ಅಂದರೆ ಒಳಒಪ್ಪಂದ. ‘ಹಣಕಾಸು ಮಸೂದೆ’ ಅನ್ನೋಣವೆಂದರೆ ನಮ್ಮ ಹಣಕಾಸು ಮಸೂದೆಯನ್ನು ರಾಜ್ಯಸಭೆ ತಿರಸ್ಕರಿಸುವ ಹಾಗೇ ಇಲ್ಲ. ಅಮೆರಿಕದಲ್ಲಿ ಮೇಲ್ಮನೆಯ ಮತ ಬೇಕೇ ಬೇಕು.

ಸದ್ಯಕ್ಕೆ ‘ಬಜೆಟ್ ದಾರಿ’ ಅಂತ ಬರೆದಿಟ್ಟಿದ್ದೇನೆ. ‘ಬಜೆಟ್ ದಾರಿಯಲ್ಲಿ ಪಾಸಾಯಿತು’ ಅಂದರೆ ನಿಮಗೆ ಅರ್ಥವಾಗುತ್ತದಾ? ಇದಕ್ಕಿಂತ ಒಳ್ಳೆಯದು ತೋಚಿದರೆ ದಯವಿಟ್ಟು ಹೇಳಿ. ಶುಕ್ರವಾರ ಕರಡು ಕೊಡಬೇಕು.