ಕಣ್ಣಿನ ಫೋಟೋದಲ್ಲಿ ರಕ್ತನಾಳ ತುಂಡಾದ ಹಾಗೆ ಕಾಣುತ್ತಿದೆ, ಭಯಪಡಬೇಕಾ?

ಪ್ರಶ್ನೆ: ಸರ್, ಅಮ್ಮನಿಗೆ 14 ವರ್ಷದಿಂದ ಶುಗರ್. ಮೊನ್ನೆ ಡ್ರಾಪ್ಸ್ ಹಾಕಿ, ಅಲ್ಲಿ ನೋಡಿ ಇಲ್ಲಿ ನೋಡಿ ಅಂತ ರೆಟಿನಾದ (ಕಣ್ಣಿನ ಹಿಂಬದಿಯ ಒಳಪದರದ) ಏಳು ಫೋಟೋ ತೆಗೆದರು. ಎಲ್ಲ ಸೇರಿಸಿ ಒಂದೇ ದೊಡ್ಡ ಚಿತ್ರ ಮಾಡಿ ವಾಟ್ಸಾಪ್ ಮಾಡಿದ್ದಾರೆ. ಅದರಲ್ಲಿ ಮೇಲ್ಗಡೆ ಒಂದು ರಕ್ತನಾಳ ಕತ್ತರಿಸಿ ಪಕ್ಕಕ್ಕೆ ಇಟ್ಟ ಹಾಗಿದೆ. ಹತ್ತಿರವೇ ಒಂದು ಕಪ್ಪು ತ್ರಿಕೋನ. ಡಾಕ್ಟರ್ ಸಿಗುವುದು ಸೋಮವಾರ. ಅಮ್ಮನಿಗಿಂತ ನನಗೇ ಗಾಬರಿ ಜಾಸ್ತಿ.

ಉತ್ತರ: ನಾನು ಡಾಕ್ಟರ್ ಅಲ್ಲ ಮೇಡಂ, ಇಂಥ ಫೋಟೋಗಳನ್ನು ಹೊಲಿಯುವ, ಅಂದರೆ ಒಂದಕ್ಕೊಂದು ಕೂಡಿಸಿ ಒಂದೇ ಚಿತ್ರ ಮಾಡುವ ಸಾಫ್ಟ್‌ವೇರ್ ಬರೆಯುವವನು. ಕಾಯಿಲೆ ಬಗ್ಗೆ ಹೇಳುವುದಿಲ್ಲ, ಚಿತ್ರದ ಬಗ್ಗೆ ಹೇಳುತ್ತೇನೆ. ಆ ಜಾಗವನ್ನು ದೊಡ್ಡದು ಮಾಡಿ ನೋಡಿ. ಹಿಂದಿನ ಕಿತ್ತಳೆ ಬಣ್ಣವೂ ಅದೇ ಗೆರೆಯಲ್ಲಿ ತಟ್ಟನೆ ಬದಲಾಗಿದೆಯಾ? ಪಕ್ಕದ ಸಣ್ಣ ನಾಳಗಳೂ ಅದೇ ದಿಕ್ಕಿಗೆ ಜರುಗಿವೆಯಾ? ಹಾಗಿದ್ದರೆ ಅದು ಹೊಲಿಗೆ. ಚೌಕಳಿ ಷರ್ಟಿನ ಜೇಬಿನ ಗೆರೆ ಕೆಲವೊಮ್ಮೆ ಮೈಗೆರೆಗೆ ಕೂಡುವುದಿಲ್ಲ, ಅಲ್ವಾ? ಹಾಗೆ. ಕಪ್ಪು ತ್ರಿಕೋನ ಬಹುಶಃ ದುಂಡನೆಯ ಫೋಟೋಗಳ ನಡುವೆ ಉಳಿದ ಖಾಲಿ ಜಾಗ. ಅಂದರೆ ಕ್ಯಾಮೆರಾ ಅಲ್ಲಿಗೆ ತಲುಪಿಲ್ಲ, ಅಷ್ಟೇ.

ಒಂದು ಮಾತು ಮಾತ್ರ: ಅಮ್ಮನಿಗೆ ಇದ್ದಕ್ಕಿದ್ದಂತೆ ಕಪ್ಪು ಚುಕ್ಕಿಗಳು ತೇಲಿದರೆ, ಮಿಂಚು ಹೊಡೆದಂತಾದರೆ, ಪರದೆ ಇಳಿದಂತೆ ಕಂಡರೆ ಸೋಮವಾರದವರೆಗೆ ಕಾಯಬೇಡಿ. ಅವತ್ತೇ ಹೋಗಿ.

ಪ್ರಶ್ನೆ: ಅಂಥದ್ದೇನೂ ಇಲ್ಲ ಸರ್. ನೀವು ಹೇಳಿದ ಹಾಗೇ ಇದೆ, ಗೆರೆ ಬಿಲ್ಲಿನಂತೆ ಬಾಗಿದೆ, ಕೆಳಗಿನ ಎರಡು ನಾಳವೂ ಜರುಗಿವೆ. ಆದರೆ ನನ್ನ ಮೊಬೈಲಿನ ಪನೋರಮಾ ಇಷ್ಟು ತಪ್ಪುವುದಿಲ್ಲವಲ್ಲ?

ಉತ್ತರ: ಮೊಬೈಲಿಗೆ ಎದುರಿಗಿರುವುದು ದೂರದ ಬೆಟ್ಟ. ರೆಟಿನಾ ಇರುವುದು ತೆಂಗಿನ ಚಿಪ್ಪಿನ ಒಳಮೈಯಂತೆ ಬಾಗಿ. ಅದನ್ನು ಕೆಲವೇ ಮಿಲಿಮೀಟರ್ ಅಗಲದ ಪಾಪೆಯೊಳಗಿಂದ ಇಣುಕಿ ತೆಗೆಯಬೇಕು. ಮಾಮೂಲಿ ಕ್ಯಾಮೆರಾಗೆ ಒಂದು ಸಲಕ್ಕೆ 30ರಿಂದ 50 ಡಿಗ್ರಿ ಮಾತ್ರ ಸಿಗುತ್ತದೆ. ಅದಕ್ಕೇ ಅಲ್ಲಿ ನೋಡಿ ಇಲ್ಲಿ ನೋಡಿ ಅನ್ನುವುದು.

ಕಂಪ್ಯೂಟರ್ ಮೊದಲು ಗುರುತುಗಳನ್ನು ಹುಡುಕುತ್ತದೆ. ನಾಳಗಳು ಕವಲೊಡೆಯುವ ಜಾಗ ಬಲು ಒಳ್ಳೆಯ ಗುರುತು. ಎರಡು ಫೋಟೋಗಳಲ್ಲಿ ಒಂದೇ ಕವಲು ಯಾವುದು ಅಂತ ಜೋಡಿ ಮಾಡುತ್ತದೆ. ಇದರಲ್ಲಿ ತಪ್ಪು ಜೋಡಿ ಬೇಕಾದಷ್ಟು. 1981ರಲ್ಲಿ ಬಂದ ರ್‍ಯಾನ್ಸ್ಯಾಕ್ ಅನ್ನುವ ವಿಧಾನ ಇಲ್ಲಿ ಇನ್ನೂ ಅನ್ನ ಹಾಕುತ್ತಿದೆ: ಕೆಲವೇ ಜೋಡಿ ಎತ್ತಿಕೊಂಡು ಒಂದು ಹೊಂದಾಣಿಕೆ ಊಹಿಸು, ಉಳಿದವರಲ್ಲಿ ಎಷ್ಟು ಜನ ಒಪ್ಪುತ್ತಾರೆ ನೋಡು, ಹೆಚ್ಚು ಮತ ಬಿದ್ದದ್ದನ್ನು ಇಟ್ಟುಕೋ. ಚಪ್ಪಟೆ ಗೋಡೆಯ ಫೋಟೋ ಹೊಂದಿಸಲು, ಅಂದರೆ ಎಷ್ಟು ಜರುಗಿಸಿ ತಿರುಗಿಸಿ ವಾಲಿಸಬೇಕು ಅಂತ ಹೇಳಲು, 8 ಸಂಖ್ಯೆ ಸಾಕು. ಬಾಗಿದ ರೆಟಿನಾಕ್ಕೆ ಸಾಲದು. ಅಮೆರಿಕದ ರೆನ್ಸಲೇರ್ ಸಂಸ್ಥೆಯವರು 2002ರಲ್ಲಿ 12 ಸಂಖ್ಯೆಯ ಲೆಕ್ಕ ಕೊಟ್ಟರು. ಆದರೂ ಫೋಟೋದ ಅಂಚಿಗೆ ಹೋದಷ್ಟೂ ಎಡವಟ್ಟು. ನಿಮ್ಮ ನಾಳ ಇರುವುದೂ ಅಂಚಿನಲ್ಲೇ.

ಪ್ರಶ್ನೆ (ಇನ್ನೊಬ್ಬರು): ಸರ್, ನಾನು ಇಂಜಿನಿಯರಿಂಗ್ ಕೊನೆ ವರ್ಷ. ಓಪನ್‌ಸಿವಿ ಅನ್ನುವ ಚಿತ್ರ ಸಂಸ್ಕರಣೆಯ ಉಚಿತ ಸಾಫ್ಟ್‌ವೇರಿನಲ್ಲಿರುವ ರೆಡಿ ಸ್ಟಿಚರ್‌ಗೆ (ಫೋಟೋ ಹೊಲಿಯುವ ಭಾಗಕ್ಕೆ) ಎರಡು ರೆಟಿನಾ ಫೋಟೋ ಹಾಕಿದರೆ ಎರಡೂ ಒಂದರ ಮೇಲೊಂದು ಕೂತುಬಿಡುತ್ತವೆ. ಜರುಗುವುದೇ ಇಲ್ಲ!

ಉತ್ತರ: ಹ್ಹ ಹ್ಹ, ನಾನೂ ಇದಕ್ಕೆ ಒಂದು ವಾರ ಕಳೆದಿದ್ದೇನೆ. ಫೋಟೋ ಸುತ್ತ ಕಪ್ಪು ಚೌಕಟ್ಟಿದೆಯಲ್ಲ, ಅದರ ದುಂಡು ಅಂಚು ಎಲ್ಲ ಫೋಟೋದಲ್ಲೂ ಒಂದೇ ಕಡೆ. ಪ್ರೋಗ್ರಾಮ್ ಅದನ್ನೇ ಗುರುತು ಅಂದುಕೊಂಡು ಅಂಚಿಗೆ ಅಂಚು ಕೂಡಿಸುತ್ತದೆ. ಅಂಚನ್ನು ಮಾಸ್ಕ್ ಮಾಡಿ, ಅಂದರೆ ಲೆಕ್ಕಕ್ಕೆ ಸಿಗದಂತೆ ಮುಚ್ಚಿ, ಹತ್ತಿಪ್ಪತ್ತು ಪಿಕ್ಸೆಲ್ ಒಳಗಿನವರೆಗೂ. ಫೋಟೋದ ಕೆಂಪು, ಹಸಿರು, ನೀಲಿ ಪದರಗಳಲ್ಲಿ ಹಸಿರು ಚಾನೆಲ್ ಮಾತ್ರ ತಗೊಳ್ಳಿ, ನಾಳಗಳು ಅದರಲ್ಲೇ ಚೆನ್ನಾಗಿ ಎದ್ದು ಕಾಣುವುದು. ಪರೀಕ್ಷೆಗೆ ಗ್ರೀಸಿನಿಂದ 2017ರಲ್ಲಿ ಬಂದ ಫೈರ್ ಅನ್ನುವ ರೆಟಿನಾ ಫೋಟೋಗಳ ಸಂಗ್ರಹ ಇದೆ, 134 ಜೋಡಿ. ಇನ್ನೊಂದು: ಹೊಲಿಗೆ ಕಾಣದಂತೆ ನುಣ್ಣಗೆ ಬೆರೆಸುವ ಆಸೆ ಬೇಡ. ಸರಿ ಕೂಡದ ಕಡೆ ಬೆರೆಸಿದರೆ ಒಂದು ನಾಳ ಎರಡಾಗುತ್ತದೆ, ಇಲ್ಲ ಸಣ್ಣ ರಕ್ತದ ಚುಕ್ಕಿ ಮಾಸಿಹೋಗುತ್ತದೆ. ಹೊಲಿಗೆ ಕಂಡರೆ ಕಾಣಲಿ ಬಿಡಿ, ನೋಡುವವರಿಗೆ ಅಲ್ಲಿ ಹುಷಾರಾಗಿರಬೇಕು ಅಂತ ಗೊತ್ತಾಗುತ್ತದೆ.

ಪ್ರಶ್ನೆ (ಮತ್ತೊಬ್ಬರು): ರೆಟಿನಾದ ಒಂದೊಂದು ಕೋಶವೂ ಕಾಣುವ ಕ್ಯಾಮೆರಾ ಇದೆಯಂತೆ, ನಿಜವಾ?

ಉತ್ತರ: ನಿಜ. ನಕ್ಷತ್ರ ನೋಡುವವರು ಗಾಳಿಯ ನಡುಕ ಸರಿಪಡಿಸಲು ಬಳಸುವ ಬಾಗುವ ಕನ್ನಡಿಯನ್ನೇ 1997ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ ಕಣ್ಣಿಗೆ ತಂದರು. ಅಡಾಪ್ಟಿವ್ ಆಪ್ಟಿಕ್ಸ್ ಅಂತಾರೆ. ದೃಷ್ಟಿಯ ನಡುಮಧ್ಯದಲ್ಲಿ ಚದರ ಮಿಲಿಮೀಟರಿಗೆ ಸುಮಾರು 2 ಲಕ್ಷ ಕೋನ್ ಕೋಶಗಳು (ಬಣ್ಣ, ಸೂಕ್ಷ್ಮ ವಿವರ ಗುರುತಿಸುವ ಕೋಶಗಳು). ಆದರೆ ಒಂದು ಸಲಕ್ಕೆ ಕಾಣುವುದು ಒಂದೆರಡು ಡಿಗ್ರಿ, ಒಂದು ಡಿಗ್ರಿ ಅಂದರೆ ಹೆಚ್ಚೂಕಡಿಮೆ 0.3 ಮಿಲಿಮೀಟರ್. ಹಾಗಾಗಿ ನೂರಾರು ತುಂಡು ಹೊಲಿಯಬೇಕಾಗುತ್ತದೆ. ಅಲ್ಲಿ ಕವಲು ಗಿವಲು ಅಪರೂಪ, ಎಲ್ಲ ಜೋಳದ ತೆನೆಯ ಕಾಳಿನ ಹಾಗೆ ಒಂದೇ ಥರ. ಸಾಲದ್ದಕ್ಕೆ ಕಣ್ಣು ಸುಮ್ನೆ ಇರುವುದಿಲ್ಲ. ಸಾಲು ಸಾಲಾಗಿ ಸ್ಕ್ಯಾನ್ ಮಾಡುವಷ್ಟರಲ್ಲಿ ಅದು ಅದುರಿ, ಚಿತ್ರವೇ ಸೊಟ್ಟಗಾಗಿರುತ್ತದೆ. ಮೊದಲು ಆ ಸೊಟ್ಟ ತೆಗೆದು ಆಮೇಲೆ ಹೊಲಿಗೆ. ಆರು ತಿಂಗಳ ನಂತರ ಅದೇ ಕೋಶವನ್ನು ಹುಡುಕಬೇಕಾದರೆ ಒಂದು ಕೋಶದಷ್ಟೂ ತಪ್ಪುವಂತಿಲ್ಲ.

ಮೊದಲ ಪ್ರಶ್ನೆ ಕೇಳಿದವರು: ಸರ್, ಏಳು ಮೂಲ ಫೋಟೋಗಳನ್ನೂ ಕೇಳಿ ತರಿಸಿಕೊಂಡೆ. ಮೂರನೆಯದರಲ್ಲಿ ಆ ನಾಳ ಇಡಿಯಾಗಿದೆ!

ಉತ್ತರ: ಬಹಳ ಒಳ್ಳೇದು ಮೇಡಂ. ಸೋಮವಾರ ಆ ಏಳನ್ನೂ ತಗೊಂಡು ಹೋಗಿ. ಹೊಲಿದದ್ದು ಎಲ್ಲಿ ಏನಿದೆ ಅಂತ ತಿಳಿಯಲು, ಅಷ್ಟೇ.