ಪುಸ್ತಕಕ್ಕೆ ಹೇಳಿದ ಥ್ಯಾಂಕ್ಸ್

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ರಾತ್ರಿ ಎರಡೂವರೆಗೆ ಹಾಕಿದ್ದೀಯ. ಟೈಪ್ ಮಾಡೋಣ ಅಂದರೆ ಕನ್ನಡಕ ಸಿಗಲಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಉಳಿದವರೂ ಕೇಳಿ. ಅರ್ಧಕ್ಕೇ ನಿಲ್ಲಿಸಿ ಹೆಬ್ಬೆರಳು ಎತ್ತಬೇಡಿ, ನಿಮಗೂ ಇದರಲ್ಲಿ ಇದೆ.

ನೀನು ಕೇಳಿದ್ದು ಇಷ್ಟು. ಅಕ್ಕನಿಗೆ ಸ್ಟ್ರೋಕ್ ಆಗಿ ಎಂಟು ತಿಂಗಳಾಯಿತು. ನೀನು ಕೆಲಸ ಬಿಟ್ಟು ನೋಡಿಕೊಳ್ಳುತ್ತಿದ್ದೀಯ. ಫೋನ್ ಮಾಡಿದವರೆಲ್ಲ "ಅಮ್ಮ ಉಳಿದಳಲ್ಲ, ಅದಕ್ಕೆ ಕೃತಜ್ಞತೆ ಇರಲಿ, ದಿನಾ ಐದು ಒಳ್ಳೆಯದನ್ನು ಬರೆದಿಡು" ಅನ್ನುತ್ತಾರೆ. ಬರೆಯಲು ಕೂತರೆ ಒಳಗೆ ಏನೂ ಅನ್ನಿಸುವುದಿಲ್ಲ. "ಮಾವ, ನಾನು ಕೆಟ್ಟ ಮಗಳಾ?" ಅಂತ ಕೇಳಿದ್ದೀಯ. ಅದರ ಕೆಳಗೆ ಒಬ್ಬರು ಕೈ ಮುಗಿಯುವ ಚಿತ್ರ ಹಾಕಿದ್ದಾರೆ. ಇನ್ನೊಬ್ಬರು ಹೂವು ಹಾಕಿದ್ದಾರೆ. ಯಾರು ಅಂತ ನಾನು ಹೇಳುವುದಿಲ್ಲ. ಹೆಸರು ಅಲ್ಲೇ ಕಾಣುತ್ತದೆ.

ಕೆಟ್ಟ ಮಗಳೂ ಅಲ್ಲ, ಏನೂ ಅಲ್ಲ. ಎಂಟು ತಿಂಗಳು ಒಂದು ರಾತ್ರಿಯೂ ಪೂರ್ತಿ ನಿದ್ದೆ ಮಾಡದವರಿಗೆ ಏನು ತಾನೇ ಅನ್ನಿಸೀತು? ಆದರೆ ಆ ಪುಸ್ತಕ ಬರೆಯುವ ವಿಷಯ ಬಂತಲ್ಲ, ಅದಕ್ಕೆ ನನ್ನದೊಂದು ಕಥೆ ಇದೆ. ನಾನು ಏಣಿಯಿಂದ ಬಿದ್ದದ್ದು ನಿಮಗೆಲ್ಲ ಗೊತ್ತು. ಆಮೇಲಿನದು ಗೊತ್ತಿಲ್ಲ.

ಫ್ಯಾನ್ ಒರೆಸಲು ಹತ್ತಿದ್ದೆ. "ಒಂದು ನಿಮಿಷ ತಡೆಯಿರಿ, ಹಿಡಿದುಕೊಳ್ಳುತ್ತೇನೆ" ಅಂತ ನಿಮ್ಮ ಅತ್ತೆ ಒಳಗಿನಿಂದ ಕೂಗಿದಳು. ನಾನು ತಡೆಯಲಿಲ್ಲ. ತೊಡೆಯ ಮೂಳೆ ಮುರಿಯಿತು. ಅದು ದೇಹದಲ್ಲೇ ದೊಡ್ಡ ಮೂಳೆ, ಕೂಡಿಕೊಳ್ಳಲು ಮೂರರಿಂದ ಆರು ತಿಂಗಳು ಬೇಕು ಅಂದರು ಡಾಕ್ಟರು. ಒಳಗೆ ರಾಡ್ ಹಾಕಿದರು. ಬೇರೆ ತೊಂದರೆಗಳೂ ಸೇರಿ ನಾನು ಹಾಸಿಗೆ ಬಿಟ್ಟು ಏಳಲು ತಿಂಗಳುಗಳೇ ಹಿಡಿದವು.

ಆಗ ನನ್ನ ತಮ್ಮ ಬಂದ. ಇಪ್ಪತ್ತು ನಿಮಿಷ ಕೂತಿದ್ದ. ಹೋಗುವಾಗ ಒಂದು ದಪ್ಪ ರಟ್ಟಿನ ಪುಸ್ತಕ ಕೈಗಿಟ್ಟು, "ಅಣ್ಣ, ದಿನಾ ಐದು ಒಳ್ಳೆಯ ಸಂಗತಿ ಬರಿ, ಮನಸ್ಸು ಹಗುರ ಆಗುತ್ತದೆ" ಅಂದ. ಸರಿ, ಬೇರೆ ಏನು ಕೆಲಸ ಇತ್ತು ನನಗೆ? ಶುರು ಮಾಡಿದೆ. ಕಿಟಕಿಯಿಂದ ಬರುವ ಬೆಳಕು. ತಂತಿಯ ಮೇಲೆ ಕೂರುವ ಗುಬ್ಬಿ. ಕಾಲು ಉಳಿದದ್ದು. ಜ್ವರ ಬಾರದೆ ಇದ್ದದ್ದು. ಎರಡನೆಯ ವಾರಕ್ಕೆ ಸಂಗತಿಗಳು ಮುಗಿದವು, ಬರೆದದ್ದನ್ನೇ ತಿರುಗಿಸಿ ಬರೆದೆ. ಆದರೂ ಬಿಡಲಿಲ್ಲ. ಸ್ಕೇಲ್ ಇಟ್ಟು ಗೆರೆ ಎಳೆಯುತ್ತಿದ್ದೆ. ತಾರೀಖಿನ ಕೆಳಗೆ ಕೆಂಪು ಇಂಕು. ನೋಡಲು ಬಂದವರಿಗೆ ಓದಿ ಹೇಳುತ್ತಿದ್ದೆ. "ಅಬ್ಬಾ, ಈ ಸ್ಥಿತಿಯಲ್ಲೂ ಎಂಥ ಮನಸ್ಸು ನಿಮ್ಮದು" ಅಂತ ಅವರು ಹೊಗಳಿದರೆ ನನಗೆ ಒಳಗೊಳಗೇ ಖುಷಿ. ಆ ಹೊತ್ತಿಗೆ ಅತ್ತೆ ಬಾಗಿಲ ಬಳಿ ಬೆಡ್‌ಪ್ಯಾನ್ ಹಿಡಿದು ನಿಂತಿರುತ್ತಿದ್ದಳು. ಅವರು ಯಾವಾಗ ಏಳುತ್ತಾರೋ ಅಂತ.

ಮಲಗಿದಲ್ಲೇ ಇದ್ದರೆ ಬೆನ್ನು ಹುಣ್ಣಾಗುತ್ತದೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಅಂದಿದ್ದರು. ಹಗಲು ಮಾತ್ರ ಅಲ್ಲ, ರಾತ್ರಿಯೂ. ಅವಳು ಅಲಾರಂ ಇಟ್ಟುಕೊಂಡು ಏಳುತ್ತಿದ್ದಳು. ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ. ನನ್ನ ತೂಕ ನಿಮಗೆ ಗೊತ್ತಲ್ಲ. ಇದನ್ನು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ ಪುಟ್ಟಿ.

ಒಂದು ದಿನ ಪುಸ್ತಕ ಇರುವ ಜಾಗದಲ್ಲಿ ಇರಲಿಲ್ಲ. ಹಾಸಿಗೆಯ ಬಟ್ಟೆ ಬದಲಿಸುವಾಗ ಅವಳು ತೆಗೆದಿಟ್ಟಿದ್ದಳು. ಓದಿದ್ದಳು ಕೂಡ. ಜಗಳ ಆಡಲಿಲ್ಲ, ಅಳಲಿಲ್ಲ. ಪುಸ್ತಕ ನನ್ನ ಎದೆಯ ಮೇಲಿಟ್ಟು, "ಕಿಟಕಿಗೆ ಹನ್ನೊಂದು ಸಲ ಥ್ಯಾಂಕ್ಸ್ ಹೇಳಿದ್ದೀರಿ. ಅದನ್ನು ದಿನಾ ಬೆಳಗ್ಗೆ ತೆಗೆಯುವವಳು ಯಾರು?" ಅಂದು ಬಕೆಟ್ ಎತ್ತಿಕೊಂಡು ಹೋದಳು.

ಆ ರಾತ್ರಿ ಮೊದಲಿನಿಂದ ತಿರುವಿ ನೋಡಿದೆ. ಇನ್ನೂರಕ್ಕೂ ಜಾಸ್ತಿ ಸಂಗತಿಗಳು ಇದ್ದವು. ಗುಬ್ಬಿ ನಾಲ್ಕು ಸಲ. ಡಾಕ್ಟರು ಆರು ಸಲ. ಅವಳ ಹೆಸರು ಒಂದು ಸಲವೂ ಇಲ್ಲ.

ಮರೆತಿದ್ದೆ ಅಂದರೆ ಸುಳ್ಳಾಗುತ್ತದೆ. ಕಿಟಕಿಗೆ ಥ್ಯಾಂಕ್ಸ್ ಹೇಳುವುದು ಸುಲಭ, ಪುಟ್ಟಿ. ಕಿಟಕಿ ತಿರುಗಿ ನಮ್ಮ ಮುಖ ನೋಡುವುದಿಲ್ಲ. ಮನುಷ್ಯರಿಗೆ ಹೇಳಬೇಕಾದರೆ, ನೀನು ಇಲ್ಲದಿದ್ದರೆ ನನ್ನ ಕೈಯಲ್ಲಿ ಆಗುತ್ತಿರಲಿಲ್ಲ ಅಂತ ಒಪ್ಪಿಕೊಳ್ಳಬೇಕು. ಏಣಿ ಹಿಡಿದುಕೊಳ್ಳಲು ಬಿಡದವನಿಗೆ ಅದು ಎಷ್ಟು ಕಷ್ಟ ಅಂತ ಯೋಚನೆ ಮಾಡು. ಬಾಯಿಬಿಟ್ಟು ಹೇಳಲು ಇನ್ನೂ ನಾಲ್ಕು ದಿನ ತೆಗೆದುಕೊಂಡೆ. ಎರಡು ಗಂಟೆ ರಾತ್ರಿಯಲ್ಲಿ, ಅವಳು ನನ್ನ ಭುಜಕ್ಕೆ ಕೈ ಹಾಕಿದಾಗ ಹೇಳಿದೆ. ಏನು ಹೇಳಿದೆ ಅಂತ ಗುಂಪಿನಲ್ಲಿ ಹೇಳುವುದಿಲ್ಲ. ಅವಳು ಕೇಳಿಸಿಕೊಂಡಳು. "ಸರಿ, ಈ ಕಡೆ ತಿರುಗಿ" ಅಂದಳು.

ಅದಕ್ಕೇ ಹೇಳುವುದು, ಪುಸ್ತಕಕ್ಕೆ ಥ್ಯಾಂಕ್ಸ್ ಹೇಳಿ ಮನುಷ್ಯರಿಗೆ ಹೇಳದೆ ಕೂರಬೇಡಿ.

ಹಾಗಂತ ಬರೆಯುವುದೇ ಸುಳ್ಳು ಅಂತಲ್ಲ. ನಮ್ಮ ಸೊಸೆ ಮನಶ್ಶಾಸ್ತ್ರ ಓದಿದವಳಲ್ವಾ, ಅವಳನ್ನು ಕೇಳಿದೆ. ರಾಬರ್ಟ್ ಎಮನ್ಸ್, ಮೈಕಲ್ ಮೆಕಲ್ಲೋ ಅಂತ ಇಬ್ಬರು 2003ರಲ್ಲಿ ಇದರ ಮೇಲೆ ಒಂದು ಅಧ್ಯಯನ ಪ್ರಕಟಿಸಿದರಂತೆ. ಕಾಲೇಜಿನ ಹುಡುಗರಲ್ಲಿ ಕೆಲವರಿಗೆ ಕೃತಜ್ಞತೆ ಇರುವ ಸಂಗತಿಗಳನ್ನು ಬರೆಯಿರಿ ಅಂದರು, ಕೆಲವರಿಗೆ ಕಿರಿಕಿರಿ ಆದದ್ದನ್ನು ಬರೆಯಿರಿ ಅಂದರು. ಹತ್ತು ವಾರ ನಡೆಯಿತು. ಒಳ್ಳೆಯದನ್ನು ಬರೆದವರಿಗೆ ತಮ್ಮ ಬದುಕಿನ ಬಗ್ಗೆ ಜಾಸ್ತಿ ಸಮಾಧಾನ ಇತ್ತು. ನರ ಮತ್ತು ಸ್ನಾಯುಗಳ ಕಾಯಿಲೆ ಇದ್ದವರ ಮೇಲೂ ಮಾಡಿ ನೋಡಿದರಂತೆ, ಅವರಿಗೆ ನಿದ್ದೆ ಸುಧಾರಿಸಿತು. ಆದರೆ ಇಲ್ಲಿ ಕೇಳು. ಆ ಹುಡುಗರು ಬರೆದದ್ದು ವಾರಕ್ಕೆ ಒಂದು ಸಲ! ಇನ್ನೊಂದು ಅಧ್ಯಯನದಲ್ಲಿ ವಾರಕ್ಕೊಮ್ಮೆ ಬರೆದವರಿಗೆ ಉಪಯೋಗ ಆಯಿತು, ವಾರಕ್ಕೆ ಮೂರು ಸಲ ಬರೆದವರಿಗೆ ಆಗಲಿಲ್ಲ. ನನ್ನ ತಮ್ಮ ದಿನಾ ಐದು ಅಂತ ಎಲ್ಲಿಂದ ತಂದನೋ.

ತಮ್ಮನ ಮಾತು ಬಂತು, ಇದನ್ನು ಹೇಳಿಯೇ ಬಿಡುತ್ತೇನೆ. ಇಷ್ಟು ವರ್ಷ ಸುಮ್ನೆ ಇದ್ದೆ. ಇವನ ಪರೀಕ್ಷೆಗೆ ನಾಲ್ಕು ಗಂಟೆಗೆ ಎಬ್ಬಿಸುತ್ತಿದ್ದವನು ಯಾರು? ಕೆಲಸದ ಅರ್ಜಿ ತುಂಬಿದವನು ಯಾರು? ಇವನ ಅಕ್ಷರ ಕೋಳಿ ಕಾಲು ಅಂತ ನನ್ನ ಕೈಯಲ್ಲೇ ಬರೆಸುತ್ತಿದ್ದ. ನಿವೃತ್ತಿಯ ದಿನ ಭಾಷಣ ಮಾಡಿದ. ನಾನು ಎರಡನೆಯ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದೆ. ಆಫೀಸಿನವರಿಗೆಲ್ಲ ಧನ್ಯವಾದ ಹೇಳಿದ. ಡ್ರೈವರಿಗೆ ಹೇಳಿದ. ಮೈಕಿನವನಿಗೂ ಹೇಳಿದ. ಹೇಳಲಿ, ಮೈಕಿನವನೂ ಮನುಷ್ಯನೇ. ಆದರೆ ನಾನು? ಕೊನೆಗೆ "ಎಲ್ಲ ಬಂಧುಗಳಿಗೂ" ಅಂತ ಒಂದೇ ಮಾತಿನಲ್ಲಿ ಮುಗಿಸಿದ. ಆ ಬಂಧುಗಳಲ್ಲಿ ನಾನೂ ಒಬ್ಬ ಇದ್ದೆ ಅಂತ ಕಾಣುತ್ತದೆ. ತಮ್ಮಾ, ನೀನು ಇದನ್ನು ಕೇಳುತ್ತಿದ್ದೀಯ ಅಂತ ನನಗೆ ಗೊತ್ತು. ನೀಲಿ ಗುರುತು ಬರುತ್ತದೆ.

ಇದನ್ನೂ ಸೊಸೆಗೆ ಹೇಳಿಕೊಂಡೆ. ನನ್ನ ಪಕ್ಷ ವಹಿಸುತ್ತಾಳೆ ಅಂದುಕೊಂಡಿದ್ದೆ. ಅವಳು ಸೈಕಲ್ಲಿನ ಕಥೆ ತೆಗೆದಳು. ಎದುರುಗಾಳಿಗೆ ಸೈಕಲ್ ತುಳಿಯುವಾಗ ಪ್ರತಿ ಮಾರಿಗೂ ಗಾಳಿ ಗೊತ್ತಾಗುತ್ತದೆ. ಅದೇ ಗಾಳಿ ಬೆನ್ನಿಗೆ ಬಂದರೆ ಎರಡು ನಿಮಿಷ ಹಾಯಾಗಿರುತ್ತದೆ, ಆಮೇಲೆ ನಾವೇ ಜೋರಾಗಿ ತುಳಿಯುತ್ತಿದ್ದೇವೆ ಅಂದುಕೊಳ್ಳುತ್ತೇವೆ. ಶಾಯ್ ಡೇವಿಡೈ, ಥಾಮಸ್ ಗಿಲೋವಿಚ್ ಅನ್ನುವವರು 2016ರಲ್ಲಿ ಇದನ್ನೇ ತೋರಿಸಿದ್ದಾರಂತೆ, ಅಡ್ಡಿ ಆದದ್ದು ನೆನಪಿರುತ್ತದೆ, ನೆರವಾದದ್ದು ಜಾರಿಹೋಗುತ್ತದೆ ಅಂತ. "ಚಿಕ್ಕಮಾವ ನಿಮ್ಮನ್ನು ಮರೆತರು ಸರಿ ಮಾವ, ಅವರ ಓದಿನ ಕಾಲದಲ್ಲಿ ನಿಮಗೆ ಕೆಲಸ ಬಿಡಿಸದೆ ಮನೆ ನಡೆಸಿದವರು ಯಾರು?" ಅಂದಳು. ಅಕ್ಕ. ನಿನ್ನ ಅಮ್ಮ. ನಾನು ಅವಳಿಗೆ ಹೇಳಿದ್ದೇನಾ? ಇಲ್ಲ. ಓದಿದ ಸೊಸೆ ಮನೆಯಲ್ಲಿದ್ದರೆ ಇದೊಂದು ತೊಂದರೆ.

ಅದಕ್ಕೇ ಮತ್ತೆ ಹೇಳುತ್ತಿದ್ದೇನೆ, ಕೇಳಿಸಿಕೊಳ್ಳಿ. ಪುಸ್ತಕಕ್ಕೆ ಹೇಳಿ ಮನುಷ್ಯರಿಗೆ ಹೇಳದೆ ಕೂರಬೇಡಿ. ನಾನು ಅಕ್ಕನಿಗೆ ಹೇಳಲು ಇಷ್ಟು ತಡ ಮಾಡಿದೆ, ಈಗ ಅವಳಿಗೆ ಮಾತೇ ಬರುತ್ತಿಲ್ಲ.

ಏನು ಹೇಳಲು ಹೊರಟಿದ್ದೆ? ಹಾಂ, ನೀನು ಏನು ಮಾಡಬೇಕು ಅಂತ. ಅದೇ ಬಿಟ್ಟುಹೋಗುತ್ತಿತ್ತು.

ಮೊದಲು ಡಾಕ್ಟರ್. ಅಕ್ಕನಿಗಲ್ಲ, ನಿನಗೆ. ಎರಡು ವಾರದಿಂದ ಹೆಚ್ಚುಕಮ್ಮಿ ದಿನಾ ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಮಲಗಲು ಸಮಯ ಸಿಕ್ಕರೂ ನಿದ್ದೆ ಬಾರದಿದ್ದರೆ, ಅದು ಕೃತಜ್ಞತೆ ಕಡಿಮೆ ಆದದ್ದಲ್ಲ. ಖಿನ್ನತೆ ಇರಬಹುದು. ಸ್ಟ್ರೋಕ್ ಆದವರನ್ನು ನೋಡಿಕೊಳ್ಳುವವರಲ್ಲಿ ಇದು ಬಹಳ ಜನಕ್ಕೆ ಬರುತ್ತದೆ, ಚಿಕಿತ್ಸೆಯೂ ಇದೆ. ನಾಚಿಕೊಳ್ಳಬೇಡ. ಬದುಕಿದ್ದು ಏನು ಅಂತ ಯಾವತ್ತಾದರೂ ಅನ್ನಿಸಿದರೆ ಅವತ್ತೇ, ಆ ಗಂಟೆಯಲ್ಲೇ ಯಾರಿಗಾದರೂ ಹೇಳು. ನನಗೆ ಎರಡೂವರೆಗೆ ಫೋನ್ ಮಾಡು. ಮೆಸೇಜ್ ಹಾಕಬೇಡ, ಫೋನ್ ಮಾಡು.

ಆ ದಿನಾ ಐದು ಬರೆಯುವುದನ್ನು ಇವತ್ತಿನಿಂದ ನಿಲ್ಲಿಸು. ವಾರಕ್ಕೆ ಒಂದು ಸಲ ಸಾಕು, ಅದೂ ಮನಸ್ಸಾದರೆ. ಪಟ್ಟಿ ಬೇಡ. ಒಬ್ಬರನ್ನು ಹಿಡಿ. ಅವರು ಏನು ಮಾಡಿದರು, ಅದಕ್ಕಾಗಿ ಏನು ಬಿಟ್ಟರು, ಅದು ಇಲ್ಲದಿದ್ದರೆ ನಿನಗೆ ಆ ದಿನ ಹೇಗಿರುತ್ತಿತ್ತು, ಅಷ್ಟು ಬರಿ. ಆಮೇಲೆ ಅವರಿಗೇ ಓದಿ ಹೇಳು. ಮುಜುಗರ ಆಗುತ್ತದೆ ಅಂತ ಎಲ್ಲರೂ ಹಿಂದೆಮುಂದೆ ನೋಡುತ್ತಾರೆ. 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಥ್ಯಾಂಕ್ಸ್ ಪತ್ರ ಬರೆದವರು ಓದುವವರಿಗೆ ಎಷ್ಟು ಮುಜುಗರ ಆಗುತ್ತದೆ ಅಂದುಕೊಂಡಿದ್ದರೋ ಅಷ್ಟು ಆಗಲೇ ಇಲ್ಲವಂತೆ. ಖುಷಿ ಮಾತ್ರ ಅಂದುಕೊಂಡದ್ದಕ್ಕಿಂತ ಜಾಸ್ತಿ ಆಗಿತ್ತು. ಯಾರೂ ನೆನಪಿಗೆ ಬಾರದ ವಾರ ಬೈಗುಳವನ್ನೇ ಬರಿ, ಪರವಾಗಿಲ್ಲ. ಅಮ್ಮ ಉಳಿದಳು ಅನ್ನುವುದೂ ನಿಜ, ನಿನಗೆ ಸುಸ್ತಾಗಿದೆ ಅನ್ನುವುದೂ ನಿಜ.

ನಿನ್ನ ಅಣ್ಣನಿಗೆ "ಸಹಾಯ ಬೇಕು" ಅನ್ನಬೇಡ. ಅದಕ್ಕೆ ಅವನು "ಖಂಡಿತ" ಅನ್ನುತ್ತಾನೆ, ಅಲ್ಲಿಗೆ ಮುಗಿಯುತ್ತದೆ. "ಶನಿವಾರ ರಾತ್ರಿ ನಿನ್ನದು" ಅನ್ನು. ಅವನೂ ಇದೇ ಗುಂಪಿನಲ್ಲಿದ್ದಾನೆ, ಕೇಳಿಸಿಕೊಂಡಿದ್ದಾನೆ.

ಇನ್ನೊಂದು ಮಾತು. ಸ್ಟ್ರೋಕ್ ಆದ ಮೇಲೆ ಮಾತು ಹೋದರೂ ಬುದ್ಧಿ ಹೋಗಿದೆ ಅಂತ ಅರ್ಥ ಅಲ್ಲ. ಅರ್ಥ ಆಗುತ್ತಿದ್ದರೂ ಪದ ಹೊರಗೆ ಬಾರದೆ ಇರಬಹುದು. ಹೋದ ಸಲ ನಾನು ಬಂದಾಗ ನೀನು ಎದ್ದು ಹೊರಟೆ, ಅಕ್ಕ ಎಡಗೈಯಲ್ಲಿ ನಿನ್ನ ತೋಳಿನ ಬಟ್ಟೆ ಹಿಡಿದುಕೊಂಡಳು. ನೀನು "ನೀರಾ ಅಮ್ಮ?" ಅಂದೆ. ನೀರು ತಂದುಕೊಟ್ಟೆ. ಅವಳು ಕುಡಿಯಲಿಲ್ಲ. ಬಟ್ಟೆಯನ್ನೂ ಬಿಡಲಿಲ್ಲ.

ಈಗ ನನ್ನದು. ಇಷ್ಟೆಲ್ಲ ಮಾತಾಡಿ ನಾನೇ ಹೇಳದಿದ್ದರೆ ಅತ್ತೆ ಮತ್ತೆ ಲೆಕ್ಕ ತೆಗೆಯುತ್ತಾಳೆ. ಪುಟ್ಟಿ, ಎಂಟು ತಿಂಗಳಲ್ಲಿ ಅಕ್ಕನ ಬೆನ್ನಿಗೆ ಒಂದು ಹುಣ್ಣೂ ಆಗಿಲ್ಲ. ಮಲಗಿದವನಿಗೆ ಅದರ ಬೆಲೆ ಗೊತ್ತು. ಎಷ್ಟು ರಾತ್ರಿ ಎದ್ದಿರಬೇಕು ನೀನು. ಇಷ್ಟು ವರ್ಷ ಕಷ್ಟಪಟ್ಟು ಹಿಡಿದ ಕೆಲಸ ಬಿಟ್ಟೆ. ನೀನು ಇಲ್ಲದಿದ್ದರೆ ನನ್ನ ಅಕ್ಕನನ್ನು ನಾನು ಹೀಗೆ ನೋಡಿಕೊಳ್ಳುತ್ತಿದ್ದೆ ಅಂತ ಎದೆ ಮುಟ್ಟಿ ಹೇಳಲಾರೆ. ಥ್ಯಾಂಕ್ಸ್ ಮಗಳೇ. ಎಲ್ಲರ ಎದುರಿಗೇ ಹೇಳುತ್ತಿದ್ದೇನೆ.

ಶುಕ್ರವಾರ ನಾವಿಬ್ಬರೂ ಬರುತ್ತೇವೆ. ಎರಡು ರಾತ್ರಿ ಇರುತ್ತೇವೆ. ಫೋನಿನಲ್ಲಿ ಹನ್ನೆರಡು, ಎರಡು, ನಾಲ್ಕಕ್ಕೆ ಅಲಾರಂ ಇಟ್ಟಾಗಿದೆ. ನೀನು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗು. ಮಗ್ಗುಲು ಬದಲಿಸಲು ನನಗೆ ಸರಿಯಾಗಿ ಬರುವುದಿಲ್ಲವಂತೆ, ಅತ್ತೆ ಪಕ್ಕದಲ್ಲೇ ಹೇಳುತ್ತಿದ್ದಾಳೆ, ಅವಳೇ ಕಲಿಸುತ್ತಾಳಂತೆ. ಮತ್ತೆ, ಹಜಾರದ ಬಲ್ಬ್ ಹೋಗಿದೆ ಅಂದಿದ್ದೆಯಲ್ಲ? ಅದನ್ನು ಶನಿವಾರ ನಿನ್ನ ಅಣ್ಣನ ಕೈಯಲ್ಲಿ ಹಾಕಿಸು. ಏಣಿ ನಾನು ಹಿಡಿದುಕೊಳ್ಳುತ್ತೇನೆ.